ವೈದ್ಯಕೀಯ ವಿಮರ್ಶೆಗಳಲ್ಲಿ ಹುಡುಕಾಟದ ವಿವರ: ಒಂದು ನಿಯಮ ರೂಪುಗೊಂಡ ಬಗೆ

ಒಂದು ಚಿಕಿತ್ಸೆಯ ಕುರಿತ ಅಧ್ಯಯನಗಳನ್ನೆಲ್ಲ ಕಲೆಹಾಕಿ ತೂಗಿ ನೋಡುವ ವ್ಯವಸ್ಥಿತ ವಿಮರ್ಶೆಯ ತೀರ್ಮಾನವು, ಆ ಅಧ್ಯಯನಗಳನ್ನು ಎಲ್ಲಿ, ಯಾವ ಪದಗಳಿಂದ ಹುಡುಕಲಾಯಿತು ಎಂಬುದನ್ನೇ ಬಹುಮಟ್ಟಿಗೆ ಅವಲಂಬಿಸಿರುತ್ತದೆ. ಆದರೂ ಆ ವಿವರವನ್ನು ಓದುಗರ ಮುಂದಿಡಬೇಕೆಂಬ ನಿಯಮ ನೆಲೆಗೊಳ್ಳಲು ದಶಕಗಳೇ ಹಿಡಿದವು.

1987ರಲ್ಲಿ ಅಮೆರಿಕದ ವೈದ್ಯೆ ಸಿಂಥಿಯಾ ಮುಲ್ರೋ ಅವರು ನಾಲ್ಕು ಪ್ರಮುಖ ವೈದ್ಯಕೀಯ ನಿಯತಕಾಲಿಕೆಗಳ 50 ವಿಮರ್ಶಾ ಲೇಖನಗಳನ್ನು ಪರಿಶೀಲಿಸಿದಾಗ, ಮಾಹಿತಿಯನ್ನು ಹುಡುಕಿ ಆಯ್ದ ವಿಧಾನವನ್ನು ಸ್ಪಷ್ಟವಾಗಿ ತಿಳಿಸಿದ್ದುದು ಒಂದೇ ಒಂದು ಲೇಖನ. ಉಳಿದವುಗಳಲ್ಲಿ ಓದುಗರು ಲೇಖಕರ ಪಾಂಡಿತ್ಯವನ್ನು ನಂಬುವುದಷ್ಟೇ ಸಾಧ್ಯವಿತ್ತು. 1993ರಲ್ಲಿ, ಇಂಥ ವ್ಯವಸ್ಥಿತ ವಿಮರ್ಶೆಗಳನ್ನು ಸಿದ್ಧಪಡಿಸುವ ಕಾಕ್ರನ್ ಸಹಯೋಗ ಸಂಸ್ಥೆ ಹುಟ್ಟಿತು. ಅದರ ಮರುವರ್ಷ ಪ್ರಕಟವಾದ ಸಂಶೋಧನೆಯೊಂದು, ವೈದ್ಯಕೀಯ ಲೇಖನಗಳ ದತ್ತಸಂಚಯವಾದ (ಡೇಟಾಬೇಸ್) ಮೆಡ್‌ಲೈನ್ ಒಂದನ್ನೇ ಜಾಲಾಡಿದರೆ ಇರುವ ಪ್ರಯೋಗಗಳಲ್ಲಿ ಸರಾಸರಿ ಅರ್ಧದಷ್ಟು ಮಾತ್ರ ಸಿಗುತ್ತವೆಂದು ತೋರಿಸಿತು.

ಅಪೂರ್ಣ ಹುಡುಕಾಟ ಜೀವಕ್ಕೇ ಎರವಾಗಬಲ್ಲದು. 2001ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಆಸ್ತಮಾ ಅಧ್ಯಯನವೊಂದರಲ್ಲಿ ಹೆಕ್ಸಾಮೆಥೋನಿಯಮ್ ಎಂಬ ರಾಸಾಯನಿಕವನ್ನು ಉಸಿರಿನ ಮೂಲಕ ಸೇವಿಸಿದ್ದ ಆರೋಗ್ಯವಂತ ಸ್ವಯಂಸೇವಕಿಯೊಬ್ಬರು ತೀರಿಕೊಂಡರು. ಅದರಿಂದ ಶ್ವಾಸಕೋಶಕ್ಕೆ ಹಾನಿಯಾಗಬಹುದೆಂಬ ಸುಳಿವು 1950ರ ದಶಕದ ಲೇಖನಗಳಲ್ಲಿತ್ತು, ಆದರೆ ಸಂಶೋಧಕರ ಹುಡುಕಾಟ ಅಲ್ಲಿಯವರೆಗೆ ತಲುಪಿರಲಿಲ್ಲ. ಇದು ವ್ಯವಸ್ಥಿತ ವಿಮರ್ಶೆಯ ಪ್ರಕರಣವಲ್ಲ, ನಿಜ. ಆದರೆ ಎಷ್ಟು ಹಿಂದಿನವರೆಗೆ ಹುಡುಕಲಾಗಿದೆ ಎಂಬ ಪ್ರಶ್ನೆಯ ಗುರುತ್ವವನ್ನು ಇದಕ್ಕಿಂತ ಕಟುವಾಗಿ ತೋರಿಸುವ ಉದಾಹರಣೆ ನನಗೆ ತಿಳಿದಿಲ್ಲ.

ವಿಮರ್ಶೆಯ ವರದಿಯಲ್ಲಿ ಏನೇನಿರಬೇಕೆಂದು ಹೇಳುವ ಮಾರ್ಗಸೂಚಿಗಳೂ ಬಂದವು. 1999ರ ಕ್ವೋರಮ್ ಹೇಳಿಕೆಯ ಜಾಗಕ್ಕೆ 2009ರಲ್ಲಿ 27 ಅಂಶಗಳ ಪ್ರಿಸ್ಮಾ ಮಾರ್ಗಸೂಚಿ ಬಂದಿತು. ಕನಿಷ್ಠ ಒಂದು ದತ್ತಸಂಚಯದ ಹುಡುಕಾಟವನ್ನು ಪೂರ್ತಿಯಾಗಿ ಕೊಡಬೇಕೆಂದು ಅದು ಕೇಳಿತು. ನನ್ನ ದೃಷ್ಟಿಯಲ್ಲಿ ಆ 'ಕನಿಷ್ಠ ಒಂದು' ಎಂಬ ಸಡಿಲಿಕೆಯೇ ದೊಡ್ಡ ಕೊರತೆಯಾಗಿತ್ತು: ದತ್ತಸಂಚಯಗಳ ವಿಷಯಸೂಚಕ ಪದಗಳೂ ಅವುಗಳಲ್ಲಿ ಹುಡುಕಾಟವನ್ನು ಬರೆಯುವ ಕ್ರಮವೂ ಬೇರೆಬೇರೆಯಾಗಿರುವುದರಿಂದ, ಒಂದರಲ್ಲಿ ಸರಿಯಾಗಿ ನಡೆದ ಹುಡುಕಾಟ ಇನ್ನೊಂದರಲ್ಲಿ ಎಡವಬಹುದು. 2021ರಲ್ಲಿ ಪ್ರಕಟವಾದ ಪರಿಷ್ಕೃತ ಪ್ರಿಸ್ಮಾ ಈ ಸಡಿಲಿಕೆಯನ್ನು ತೆಗೆದುಹಾಕಿ, ಎಲ್ಲ ದತ್ತಸಂಚಯ, ನೋಂದಣಿ ಪಟ್ಟಿ ಮತ್ತು ಜಾಲತಾಣಗಳ ಹುಡುಕಾಟವನ್ನೂ ಪೂರ್ಣವಾಗಿ ಕೊಡಬೇಕೆಂದಿತು. ಅದೇ ವರ್ಷ ಬಂದ, ಹುಡುಕಾಟದ ವರದಿಗೆಂದೇ ಇರುವ ಅದರ 16 ಅಂಶಗಳ ವಿಸ್ತರಣೆ ಪ್ರಿಸ್ಮಾ-ಎಸ್, ದತ್ತಸಂಚಯವನ್ನು ಹುಡುಕಲು ಬಳಸಿದ ವೇದಿಕೆ, ಹುಡುಕಿದ ದಿನಾಂಕ, ಭಾಷೆ ಅಥವಾ ಕಾಲದ ಮಿತಿ, ಮರುಕಳಿಸಿದ ದಾಖಲೆಗಳನ್ನು ತೆಗೆದ ವಿಧಾನ ಇವನ್ನೆಲ್ಲ ಸೇರಿಸಿತು.

ಹುಡುಕಾಟವನ್ನು ನಡೆಸುವ ಮುನ್ನವೇ ಇನ್ನೊಬ್ಬ ಪರಿಣತ ಗ್ರಂಥಪಾಲಕರು ಅದನ್ನು ಪರಿಶೀಲಿಸುವ ಪ್ರೆಸ್ ಎಂಬ ಪದ್ಧತಿಯೂ ಇದೆ. ನಿಯತಕಾಲಿಕೆಗಳ ಸಂಪಾದಕರು ಅದನ್ನೂ ಅಷ್ಟೇ ದೃಢವಾಗಿ ಕೇಳಬೇಕು. ಏಕೆಂದರೆ ಪದವೊಂದು ಬಿಟ್ಟುಹೋಗಿದ್ದರೆ, ಅದು ಪ್ರಕಟಣೆಯ ನಂತರ ಗೊತ್ತಾಗುವಷ್ಟರಲ್ಲಿ ಆ ವಿಮರ್ಶೆಯ ಆಧಾರದ ಮೇಲೆ ಚಿಕಿತ್ಸೆಯ ಶಿಫಾರಸುಗಳೇ ಹೊರಟಿರಬಹುದು.