ಮೂರು ದಿನಕ್ಕೊಮ್ಮೆ ಇಳಿಯುವ ಗಾಳಿ

ನಮ್ಮದು ಚಿತ್ರದುರ್ಗದಲ್ಲಿ ಹೆದ್ದಾರಿ ಪಕ್ಕದ ಟೂ ವೀಲರ್ ವರ್ಕ್‌ಶಾಪ್. ಹೋದ ನವೆಂಬರಿನಲ್ಲಿ ಆಸ್ಪತ್ರೆಯೊಂದರ ನರ್ಸಮ್ಮ ತಮ್ಮ 125 ಸಿಸಿ ಬೈಕ್ ತಂದು ನಿಲ್ಲಿಸಿದರು. "ಅಣ್ಣಾ, ಹಿಂದಿನ ಚಕ್ರಕ್ಕೆ ಮೂರು ದಿನಕ್ಕೊಂದು ಸಲ ಗಾಳಿ ಹೊಡೆಸಬೇಕು. ಪಂಕ್ಚರ್ ಇಲ್ಲ ಅಂತಾರೆ. ಹಾಗಾದ್ರೆ ಗಾಳಿ ಎಲ್ಲಿಗೆ ಹೋಗುತ್ತೆ?" ಅಂದರು.

ಟ್ಯೂಬ್‌ಲೆಸ್ ಟೈರ್, ಅಲಾಯ್ ಚಕ್ರ. ಪಂಕ್ಚರ್ ತೂತಿಗೆ ಹೊರಗಿಂದ ತುರುಕುವ ರಬ್ಬರ್ ಪಟ್ಟಿ, ಅಂದರೆ ಸ್ಟ್ರಿಪ್, ಆಗಲೇ ಎರಡು ಬಿದ್ದಿದ್ದವು. ತೂತು ಮುಚ್ಚಲು ಹಾಕುವ ಜೆಲ್ ಕೂಡ ಒಂದು ಬಾಟಲಿ ಒಳಗೆ ಹೋಗಿತ್ತು. ಗಾಳಿಯ ಒತ್ತಡ ಅಳೆಯುವ ಗೇಜ್ ಇಟ್ಟು ನೋಡಿದೆ, 21 ಪಿಎಸ್‌ಐ ತೋರಿಸಿತು. ಇರಬೇಕಾದದ್ದು 30. ಇವರು ರಾತ್ರಿ ಪಾಳಿ ಮುಗಿಸಿ, ನಿದ್ದೆಗಣ್ಣಲ್ಲಿ, ಲಾರಿಗಳ ಮಧ್ಯೆ ಮನೆಗೆ ಹೋಗುವವರು. ನನಗೆ ನಿಜಕ್ಕೂ ಭಯವಾಯಿತು.

ಮೊಳೆ ಚುಚ್ಚಿ ಟೈರ್ ಪೂರ್ತಿ ಕೂತರೆ ನೀವು ಗಾಡಿ ನಿಲ್ಲಿಸುತ್ತೀರಿ. ನಿಧಾನಕ್ಕೆ ಸೋರುವ ಟೈರ್ ಹಾಗಲ್ಲ, ಅದು ನಿಮ್ಮನ್ನು ಓಡಿಸಿಕೊಂಡೇ ಹೋಗುತ್ತದೆ. 30 ಇರುವ ಟೈರಿಗೂ 21 ಇರುವ ಟೈರಿಗೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಹೆಬ್ಬೆರಳಿಂದ ಒತ್ತಿದರೂ ಗೊತ್ತಾಗಲ್ಲ. ಆದರೆ ಒಳಗೆ ಟೈರ್‌ನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತಿರುತ್ತದೆ. ಅದರಿಂದ ಕಾವು ಏರುತ್ತದೆ, ತಿರುವಿನಲ್ಲಿ ಹಿಂದಿನ ಚಕ್ರ ತೇಲಿದ ಹಾಗೆ ಆಗುತ್ತದೆ. ಕಡಿಮೆ ಗಾಳಿಯಲ್ಲಿ ತುಂಬಾ ದಿನ ಓಡಿದ ಟೈರ್ ಬಿಚ್ಚಿದರೆ ಒಳಗೆ ಕರಿ ಪುಡಿ ಉದುರುತ್ತದೆ. ಅದು ಟೈರ್‌ನದೇ ರಬ್ಬರ್. ಅಂಥ ಟೈರಿಗೆ ನಾನು ಪ್ಯಾಚ್ ಹಾಕಲ್ಲ, ಬದಲಾಯಿಸಿ ಅಂತಲೇ ಹೇಳುತ್ತೇನೆ.

ಅವತ್ತು ನಾನು ಟೈರ್ ಬಿಚ್ಚಲಿಲ್ಲ. ಮೊದಲು ಗಾಳಿ ತುಂಬುವ ವಾಲ್ವ್‌ಗೆ, ನೆಲಕ್ಕೆ ತಾಗುವ ಗ್ರಿಪ್‌ಗೆ, ಟೈರ್ ರಿಮ್‌ಗೆ ಕೂರುವ ಎರಡೂ ಅಂಚಿಗೆ ಸೋಪಿನ ನೀರು ಹಚ್ಚಿ ನೋಡಿದೆ. ಎಲ್ಲೂ ಗುಳ್ಳೆ ಬರಲಿಲ್ಲ. ಹಳೆಯ ಸ್ಟ್ರಿಪ್‌ಗಳೂ ಗಟ್ಟಿಯಾಗಿದ್ದವು. ಸರಿಯಾಗಿ 30 ಗಾಳಿ ತುಂಬಿ, ಒಂದು ಗೇಜ್ ಕೈಗೆ ಕೊಟ್ಟೆ. "ಎಂಟು ದಿನ, ಗಾಡಿ ತೆಗೆಯೋಕೆ ಮೊದಲೇ ನೋಡಿ ಬರೆದಿಡಿ ಅಮ್ಮ. 25ಕ್ಕಿಂತ ಕೆಳಗೆ ಬಂದರೆ ಅವತ್ತೇ ತುಂಬಿಸಿ, ಅದನ್ನೂ ಬರೀರಿ" ಅಂದೆ.

ಗಾಡಿ ತೆಗೆಯೋಕೆ ಮೊದಲೇ ಅಂದದ್ದಕ್ಕೆ ಕಾರಣ ಇದೆ. ಓಡಿ ಬಿಸಿಯಾದ ಟೈರ್ ಮೂರು ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸಬಹುದು. ಹವಾಮಾನವೂ ಆಟ ಆಡಿಸುತ್ತದೆ. ಉಷ್ಣಾಂಶ 10 ಡಿಗ್ರಿ ಇಳಿದರೆ 30 ಇದ್ದ ಟೈರ್‌ನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆಯಾಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ತುಂಬಿಸಿ, ಡಿಸೆಂಬರಿನ ಬೆಳಗಿನ ಜಾವ ನೋಡಿದರೆ ಸೋರಿದೆ ಅಂತಲೇ ಅನಿಸುತ್ತದೆ. ರಬ್ಬರ್ ಮೂಲಕವೂ ತಿಂಗಳಿಗೆ ಒಂದೆರಡು ಪಿಎಸ್‌ಐ ಹೋಗುವುದು ಸಹಜ, ಅದು ಕಾಯಿಲೆ ಅಲ್ಲ. ವಾರಕ್ಕೆ ನಾಲ್ಕೈದು ಹೋದರೆ ಹುಡುಕಲೇಬೇಕು. ಇನ್ನೊಂದು ಮಾತು: ಬಂಕಿನ ಗೇಜ್ ಒಂದು ಹೇಳುತ್ತದೆ, ಪಂಕ್ಚರ್ ಅಂಗಡಿಯದು ಇನ್ನೊಂದು. ಯಾವುದು ಸರಿ ಅನ್ನೋದಕ್ಕಿಂತ, ಪ್ರತಿ ಸಲ ಒಂದೇ ಗೇಜ್‌ನಲ್ಲಿ ನೋಡುವುದು ಮುಖ್ಯ. ಎಷ್ಟು ಗಾಳಿ ಇರಬೇಕು ಅನ್ನೋದು ಚೈನ್ ಕವರ್ ಮೇಲೋ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಮೇಲೋ ಅಂಟಿಸಿರುವ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಹಿಂದೆ ಒಬ್ಬರು ಕೂತರೆ ಹಿಂದಿನ ಚಕ್ರಕ್ಕೆ ಬೇರೆ ಲೆಕ್ಕ.

ಎಂಟು ದಿನ ಆದಮೇಲೆ ನರ್ಸಮ್ಮ ಚೀಟಿ ತಂದುಕೊಟ್ಟರು. ಡ್ಯೂಟಿಗೆ ಹೋದ ದಿನಗಳಲ್ಲಿ ಎರಡೋ ಮೂರೋ ಪಿಎಸ್‌ಐ ಇಳಿದಿತ್ತು. ಮಧ್ಯದಲ್ಲಿ ಎರಡು ದಿನ ರಜೆ ಇತ್ತು, ಗಾಡಿ ಮನೆ ಮುಂದೆಯೇ ನಿಂತಿತ್ತು. ಆ ಎರಡು ದಿನ 25, 25. ಅಲ್ಲಾಡಿಯೇ ಇಲ್ಲ.

ಆ ಎರಡು 25 ನೋಡಿದ ಕೂಡಲೇ ನನ್ನ ಅರ್ಧ ಕೆಲಸ ಮುಗಿದಿತ್ತು. ಮುಳ್ಳಿನ ತೂತಾಗಲಿ ಅಂಚಿನ ಸೋರಿಕೆಯಾಗಲಿ, ಸಾಮಾನ್ಯವಾಗಿ ಗಾಡಿ ನಿಂತಾಗಲೂ ಸೋರುತ್ತಲೇ ಇರುತ್ತದೆ. ನಿಂತಾಗ ಹಿಡಿದುಕೊಂಡು, ಓಡುವಾಗ ಮಾತ್ರ ಬಿಡುವ ಜಾಗ ಚಕ್ರದಲ್ಲಿ ಎಷ್ಟಿದೆ? ನನಗೆ ಮೊದಲು ನೆನಪಾದದ್ದು ವಾಲ್ವ್‌ನ ಬುಡ.

ಒಂದು ಸ್ಯಾಷೆ ಶಾಂಪೂವನ್ನು ಅರ್ಧ ಮಗ್ ನೀರಿಗೆ ಕಲಸಿದೆ. ಗಾಡಿ ಡಬಲ್ ಸ್ಟ್ಯಾಂಡ್ ಹಾಕಿ, ಕ್ಯಾಪ್ ತೆಗೆದು, ವಾಲ್ವ್ ಬಾಯಿಗೆ ಹಳೇ ಬ್ರಷ್ಷಿಂದ ಹಚ್ಚಿದೆ. ನೀರಿನ ಪೊರೆ ಹಾಗೇ ನಿಂತಿತು, ಉಬ್ಬಲಿಲ್ಲ. ಅಂದರೆ ವಾಲ್ವ್ ಒಳಗೆ ಗಾಳಿ ತಡೆಯುವ ಪಿನ್ ಸರಿ ಇದೆ. ಆಮೇಲೆ ಬುಡಕ್ಕೆ ಹಚ್ಚಿ, ವಾಲ್ವನ್ನು ಹೆಬ್ಬೆರಳಿಂದ ಒಂದು ಪಕ್ಕಕ್ಕೆ ಬಾಗಿಸಿದೆ. ಏನೂ ಆಗಲಿಲ್ಲ. ಇನ್ನೊಂದು ಪಕ್ಕಕ್ಕೆ ಬಾಗಿಸಿದೆ. ರಬ್ಬರ್ ರಿಮ್‌ಗೆ ಸೇರುವ ಕಡೆ ಸಾಸಿವೆ ಕಾಳಿನಷ್ಟು ಬಿಳಿ ನೊರೆ ಎದ್ದಿತು. ನೋಡುತ್ತಿದ್ದ ಹಾಗೆ ಕಡಲೆಯಷ್ಟಾಯಿತು. ಬೆರಳು ತೆಗೆದೆ, ನಿಂತುಹೋಯಿತು. ನರ್ಸಮ್ಮನನ್ನು ಹತ್ತಿರ ಕರೆದು ತೋರಿಸಿದೆ. "ಇಷ್ಟು ಸಣ್ಣದಾ ಅಣ್ಣಾ!" ಅಂದರು.

ಇದು ಹೇಗೆ ಆಗುತ್ತದೆ ನೋಡಿ. ಚಿಕ್ಕ ಚಕ್ರದಲ್ಲಿ ಡ್ರಮ್ಮೋ ಡಿಸ್ಕೋ ಅಡ್ಡ ಬಂದು ಗಾಳಿ ಪೈಪಿನ ನಳಿಕೆ ನೇರ ಕೂರುವುದಿಲ್ಲ. ಗಾಳಿ ಹೊಡೆಯುವ ಹುಡುಗರು ವಾಲ್ವನ್ನೇ ಪಕ್ಕಕ್ಕೆ ಎಳೆದು ಹಿಡಿಯುತ್ತಾರೆ. ವರ್ಷಗಟ್ಟಲೆ ಹೀಗೆ ಎಳೆದೂ ಎಳೆದೂ, ಬಿಸಿಲಿಗೆ ಒಣಗಿದ ರಬ್ಬರ್ ಬುಡದಲ್ಲಿ ಸೀಳುತ್ತದೆ. ಚಕ್ರ ಓಡುವಾಗಿನ ಕುಲುಕಿಗೆ ಆ ಸೀಳು ಬಾಯಿ ಬಿಡುತ್ತದೆ. ಗಾಳಿ ಕಡಿಮೆ ಆಯ್ತು ಅಂತ ಮತ್ತೆ ಮತ್ತೆ ಹೊಡೆಸಿದಷ್ಟೂ ಸೀಳು ದೊಡ್ಡದಾಗುತ್ತದೆ. ಒಳಗೆ ಹಾಕಿದ್ದ ಜೆಲ್ ಇದಕ್ಕೆ ಏನೂ ಮಾಡಲಾರದು. ಚಕ್ರ ತಿರುಗುವಾಗ ಜೆಲ್ ಹೊರಗಡೆಗೆ, ಗ್ರಿಪ್ ಇರುವ ಕಡೆಗೆ ಎಸೆಯಲ್ಪಡುತ್ತದೆ. ರಿಮ್ ಕಡೆ ಇರುವ ವಾಲ್ವ್ ಬುಡಕ್ಕೆ ಅದು ತಲುಪುವುದೇ ಇಲ್ಲ.

ಹೊಸ ರಬ್ಬರ್ ವಾಲ್ವ್ ನೂರು ರೂಪಾಯಿಯೊಳಗೆ ಸಿಗುತ್ತದೆ. ಟೈರ್‌ನ ಒಂದು ಅಂಚು ಬಿಡಿಸಿ, ಹಳೆಯದನ್ನು ಕತ್ತರಿಸಿ ತೆಗೆದು, ಹೊಸದಕ್ಕೆ ಸೋಪಿನ ನೀರು ಸವರಿ ಎಳೆದು ಕೂರಿಸಬೇಕು, ಅಷ್ಟೇ. ನನ್ನ ಬೇಡಿಕೆ ಒಂದೇ: ಹೊಸ ಟೈರ್ ಹಾಕಿಸುವಾಗಲೆಲ್ಲ ವಾಲ್ವ್ ಕೂಡ ಹೊಸದು ಹಾಕಿಸಿ. ಟೈರಿಗೆ ಸಾವಿರಗಟ್ಟಲೆ ಕೊಟ್ಟು, ಹಳೇ ವಾಲ್ವ್ ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಜಾಗ ಇಕ್ಕಟ್ಟಾಗಿದ್ದರೆ ಎಲ್ ಆಕಾರದ ಲೋಹದ ವಾಲ್ವ್ ಸಿಗುತ್ತದೆ, ಅದು ಒಳ್ಳೆಯದು.

ಪಿನ್ನೇ ಸೋರುತ್ತಿದ್ದರೆ ಕೆಲಸ ಇನ್ನೂ ಸುಲಭ. ಒಳಗೆ ಮಣ್ಣಿನ ಕಣ ಕೂತಿರುತ್ತದೆ, ಅಥವಾ ಜೆಲ್ ಅಂಟಿರುತ್ತದೆ. ಪಿನ್ ಬದಲಾಯಿಸಿ, ಬೆರಳ ಬಲದಲ್ಲಿ ಬಿಗಿ ಮಾಡಿದರೆ ಸಾಕು. ಜಾಸ್ತಿ ತಿರುಗಿಸಿದರೆ ಅದರ ಪುಟ್ಟ ಸೀಲ್ ಕತ್ತರಿಸಿಹೋಗುತ್ತದೆ. ಕ್ಯಾಪ್ ಸುಮ್ನೆ ಅಂದಕ್ಕೆ ಇರುವುದಲ್ಲ, ಮಣ್ಣು ಒಳಗೆ ಹೋಗದ ಹಾಗೆ ಕಾಯುವುದು ಅದೇ. ಕಳೆದುಹೋಗಿದ್ದರೆ ಇವತ್ತೇ ಹಾಕಿಸಿ.

ಇನ್ನು ಮುಳ್ಳು. ನಮ್ಮ ಕಡೆ ಬಳ್ಳಾರಿ ಜಾಲಿ ಎಲ್ಲೆಲ್ಲೂ ಇದೆ. ಅದರ ಮುಳ್ಳು ಚುಚ್ಚಿ, ಹೊರಗೆ ಮುರಿದು, ತುದಿ ಮಾತ್ರ ಒಳಗೆ ಉಳಿಯುತ್ತದೆ. ತೂತು ಮಾಡಿದ್ದೂ ಅದೇ, ಮುಚ್ಚಿಕೊಂಡು ಕೂತಿರುವುದೂ ಅದೇ. ಹಾಗಾಗಿ ಗಾಳಿ ಒಂದೇ ಸಲ ಹೋಗಲ್ಲ. ಹೆದ್ದಾರಿಯಲ್ಲಿ ಇನ್ನೊಂದು ಶತ್ರು ಇದೆ. ಒಡೆದ ಲಾರಿ ಟೈರ್‌ಗಳಿಂದ ಉದುರುವ ಸಣ್ಣ ಉಕ್ಕಿನ ತಂತಿ. ಕೂದಲಿಗಿಂತ ಸ್ವಲ್ಪ ದಪ್ಪ, ಒಂದೂವರೆ ಸೆಂಟಿಮೀಟರ್ ಉದ್ದ ಇದ್ದರೆ ಹೆಚ್ಚು. ಗ್ರಿಪ್ ಮಧ್ಯೆ ಕೂತರೆ ಕಣ್ಣಿಗೆ ಬೀಳಲ್ಲ. ಇದನ್ನು ಹುಡುಕಲು ಚಕ್ರವನ್ನು ಒಂದೊಂದು ಗೇಣಿನಂತೆ ತಿರುಗಿಸುತ್ತಾ, ನೀರು ಹಚ್ಚಿ, ಪ್ರತಿ ಗೇಣಿಗೂ ಅರ್ಧ ನಿಮಿಷ ಕಾಯಬೇಕು. ಆತುರದಲ್ಲಿ ಒಂದು ಸುತ್ತು ನೀರು ಸುರಿದು "ಏನೂ ಇಲ್ಲ" ಅಂದರೆ ಅದು ನೋಡಿದ ಹಾಗಲ್ಲ. ಸಿಕ್ಕಿದ ತಕ್ಷಣ ಕಿತ್ತುಹಾಕಬೇಡಿ. ಮೊದಲು ಸೀಮೆಸುಣ್ಣದಲ್ಲಿ ಗುರುತು ಮಾಡಿ, ಆಮೇಲೆ ಇಕ್ಕಳ ಹಾಕಿ. ಕಿತ್ತ ಮೇಲೆ ಕೆಲವು ತೂತು ಎಲ್ಲಿತ್ತು ಅಂತಲೇ ಗೊತ್ತಾಗಲ್ಲ.

ಹೊರಗಿಂದ ಸ್ಟ್ರಿಪ್ ಹಾಕುವುದು ದಾರಿ ಮೇಲಿನ ಚಿಕಿತ್ಸೆ. ಮನೆ ಸೇರಿಸುತ್ತದೆ, ಬಹಳ ಸಲ ತಿಂಗಳುಗಟ್ಟಲೆ ಬಾಳುತ್ತದೆ. ಆದರೆ ತಂತಿಯಷ್ಟು ಸಣ್ಣ ತೂತಿಗೆ ಸ್ಟ್ರಿಪ್ ತೂರಿಸಬೇಕಾದರೆ ಅರದಿಂದ ಉಜ್ಜಿ ತೂತನ್ನೇ ದೊಡ್ಡದು ಮಾಡಬೇಕು. ನನಗೆ ಅದು ಒಪ್ಪಿಗೆ ಇಲ್ಲ. ಟೈರ್ ಬಿಚ್ಚಿ, ಒಳಗಿಂದ ಮಶ್ರೂಮ್ ಪ್ಯಾಚ್ ಹಾಕುವುದು ಸರಿಯಾದ ರಿಪೇರಿ. ಅದರ ಕಾಲು ತೂತನ್ನು ತುಂಬುತ್ತದೆ, ತಲೆ ಒಳಗಿಂದ ಮುಚ್ಚುತ್ತದೆ. ಟೈರ್ ಒಳಗೆ ಹೇಗಿದೆ ಅಂತ ನೋಡಿದ ಹಾಗೂ ಆಯಿತು. ಪಕ್ಕೆಯಲ್ಲಿ ತೂತಾಗಿದ್ದರೆ ಮಾತ್ರ ಯಾವ ಪ್ಯಾಚೂ ಬೇಡ. ಆ ಭಾಗ ಮಡಚುತ್ತಲೇ ಇರುತ್ತದೆ, ಪ್ಯಾಚ್ ನಿಲ್ಲಲ್ಲ.

ಐದಾರು ವರ್ಷ ಓಡಿದ ಅಲಾಯ್ ಚಕ್ರಗಳಲ್ಲಿ ನಾನು ಜಾಸ್ತಿ ನೋಡುವುದು ಬೀಡ್ ಲೀಕ್, ಅಂದರೆ ಟೈರ್‌ನ ಅಂಚು ರಿಮ್‌ಗೆ ಕೂರುವ ಜಾಗದ ಸೋರಿಕೆ. ಬಣ್ಣ ಎದ್ದು, ಅಲ್ಯೂಮಿನಿಯಂ ಮೇಲೆ ಸುಣ್ಣದ ಹಾಗೆ ಬಿಳಿ ಪುಡಿ ಕಟ್ಟಿರುತ್ತದೆ. ಕಾರವಾರ, ಉಡುಪಿ ಕಡೆಯಿಂದ ವರ್ಗವಾಗಿ ಬಂದವರ ಗಾಡಿಗಳಲ್ಲಿ ಇದು ಬೇಗ ಕಾಣುತ್ತದೆ. ಕಡಲ ಗಾಳಿಯ ಉಪ್ಪು ಲೋಹವನ್ನು ತಿನ್ನುತ್ತದೆ. ಚಕ್ರ ಬಿಚ್ಚಿ ನೀರಿನ ತೊಟ್ಟಿಯಲ್ಲಿ ಅಡ್ಡ ಮಲಗಿಸಿದರೆ ಅಂಚಿನ ಉದ್ದಕ್ಕೂ ಸಣ್ಣ ಗುಳ್ಳೆಗಳು ಮುತ್ತಿನ ಸಾಲಿನಂತೆ ನಿಲ್ಲುತ್ತವೆ. ಟೈರ್ ತೆಗೆದು, ಪುಡಿ ಹೋಗುವ ತನಕ ಸಣ್ಣ ಎಮರಿ ಪೇಪರ್‌ನಲ್ಲಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ, ಬೀಡ್ ಸೀಲರ್ ತೆಳ್ಳಗೆ ಹಚ್ಚಿ ಮತ್ತೆ ಕೂರಿಸಬೇಕು. ಗ್ರೀಸ್, ಇಂಜಿನ್ ಆಯಿಲ್ ಹಚ್ಚುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ರಬ್ಬರ್ ಹಾಳಾಗುತ್ತದೆ. ಕೂತ ಮೇಲೆ ಟೈರ್‌ನ ಅಂಚಿನ ಪಕ್ಕ ಒಂದು ತೆಳು ಗೆರೆ ಇರುತ್ತದೆ, ಗಮನಿಸಿ. ಅದು ಸುತ್ತಲೂ ರಿಮ್‌ನಿಂದ ಒಂದೇ ಅಂತರದಲ್ಲಿರಬೇಕು. ಒಂದು ಕಡೆ ಒಳಗೆ ಹೋಗಿದ್ದರೆ ಟೈರ್ ಸರಿಯಾಗಿ ಕೂತಿಲ್ಲ.

ಗುಂಡಿಗೆ ಬಿದ್ದ ಮೇಲೆ ಶುರುವಾದ ಸೋರಿಕೆ ಆದರೆ ರಿಮ್ ನೋಡಿ. ಚಕ್ರ ತಿರುಗಿಸಿ, ಪಕ್ಕದಲ್ಲಿ ಪೆನ್ಸಿಲ್ ಹಿಡಿದರೆ ಬೆಂಡ್ ಗೊತ್ತಾಗುತ್ತದೆ. ಬಿರುಕು ಬಿಟ್ಟಿದ್ದರೆ ಬೇರೆ ಚಕ್ರವೇ ಗತಿ. ವೆಲ್ಡಿಂಗ್ ಮಾಡಿಸಿಕೊಂಡು ಓಡಿಸಿ ಅಂತ ಹೇಳಲು ನನ್ನ ಬಾಯಿ ಬರಲ್ಲ.

ಸ್ಪೋಕ್ ಚಕ್ರ, ಟ್ಯೂಬ್ ಇರುವವರಿಗೆ ಒಂದು ಮಾತು. ಟ್ಯೂಬ್ ತೆಗೆಯುವ ಮೊದಲು ಅದು ಟೈರ್‌ನಲ್ಲಿ ಯಾವ ಕಡೆ ಮುಖ ಮಾಡಿ ಕೂತಿತ್ತು ಅಂತ ಗುರುತು ಹಾಕಿಸಿ. ತೂತು ಎಲ್ಲಿದೆ ಅನ್ನೋದೇ ಕಾರಣ ಹೇಳುತ್ತದೆ. ಹೊರ ಮೈಯಲ್ಲಿ ಇದ್ದರೆ ಮುಳ್ಳು. ಆಗ ವಾಲ್ವ್‌ನಿಂದ ತೂತಿಗೆ ಎಷ್ಟು ದೂರ ಅಂತ ಅಳೆದು, ಟೈರ್‌ನಲ್ಲಿ ಅದೇ ಜಾಗದ ಒಳಗೆ ಬಟ್ಟೆ ಸವರಿ. ಮುಳ್ಳಿನ ತುದಿ ಉಳಿದಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ರಿಮ್ ಕಡೆ ತೂತು ಇದ್ದರೆ ಸ್ಪೋಕ್ ತುದಿ ಮೇಲೆದ್ದಿದೆ, ಅಥವಾ ಆ ತುದಿಗಳನ್ನು ಮುಚ್ಚುವ ರಿಮ್ ಟೇಪ್ ಸರಿದಿದೆ. ಅಕ್ಕಪಕ್ಕ ಎರಡು ತೂತು, ಹಾವು ಕಚ್ಚಿದ ಹಾಗೆ ಇದ್ದರೆ, ಕಡಿಮೆ ಗಾಳಿಯಲ್ಲಿ ಗುಂಡಿ ಹೊಡೆದಿದೆ. ವಾಲ್ವ್ ಓರೆಯಾಗಿ ನಿಂತಿದ್ದರೆ ಟೈರ್ ರಿಮ್ ಮೇಲೆ ಜಾರಿ ಟ್ಯೂಬನ್ನು ಎಳೆದಿದೆ. ಇಷ್ಟು ನೋಡದೆ ಬರೀ ಪ್ಯಾಚ್ ಹಾಕಿ ಕಳಿಸಿದರೆ ವಾರದೊಳಗೆ ಅದೇ ಗಾಡಿ ಮತ್ತೆ ಬರುತ್ತದೆ.

ರಿಪೇರಿ ಆದಮೇಲೂ ಅಳತೆ ನಿಲ್ಲಿಸಬಾರದು. ವಾರದ ಮಟ್ಟಿಗೆ ಅದೇ ಗೇಜ್, ಅದೇ ಹೊತ್ತು. ವಾಲ್ವ್ ಬದಲಾಯಿಸಿದ ಮೇಲೆ ನರ್ಸಮ್ಮನಿಗೂ ಅದನ್ನೇ ಹೇಳಿ ಕಳಿಸಿದ್ದೆ. ಡಿಸೆಂಬರಿನಲ್ಲಿ ಗೇಜ್ ವಾಪಸ್ ಕೊಡಲು ಬಂದಾಗ ಅದೇ ಚೀಟಿ ಮುಂದೆ ಇಟ್ಟರು. ಹಳೇ ಸಾಲಿನ ಕೆಳಗೆ ಹೊಸ ಸಾಲು: 30, 30, 30, 30, 29, 30. ಆ 29ರ ಪಕ್ಕ ಅವರೇ ಸಣ್ಣ ಅಕ್ಷರದಲ್ಲಿ ಬರೆದಿದ್ದರು, "ಇವತ್ತು ಬೆಳಿಗ್ಗೆ ಚಳಿ ಜಾಸ್ತಿ."