ರಾಯಲ್ಟಿ: ಲೇಖಕನಿಗೆ ಸಿಕ್ಕ ಹಣವೆಲ್ಲ ರಾಯಲ್ಟಿ ಅಲ್ಲ

‘ಆ ಕಾಲದ ಲಂಡನ್ ಮ್ಯಾನೇಜರುಗಳು ಒಂದು ನಾಟಕಕ್ಕೆ ನೂರು ಪೌಂಡ್ ರಾಯಲ್ಟಿ ಕೊಡುತ್ತಿದ್ದರು.’ ಮೊನ್ನೆ ಇನ್ನೊಂದು ಲೇಖನದಲ್ಲಿ ಇದೇ ವಾಕ್ಯ ಕಣ್ಣಿಗೆ ಬಿತ್ತು. ನೂರು ಪೌಂಡ್ ಕೊಟ್ಟಿದ್ದು ನಿಜ. ಆದರೆ ಅದು ರಾಯಲ್ಟಿ ಅಲ್ಲ, ಬೆಲೆ. ವಿಕ್ಟೋರಿಯಾ ಕಾಲದ ನಾಟಕಕಾರರು ಅರ್ಧ ಶತಮಾನ ಗುದ್ದಾಡಿದ್ದೇ ಈ ಎರಡರ ನಡುವಿನ ವ್ಯತ್ಯಾಸಕ್ಕಾಗಿ. ಅದನ್ನು ಒಂದೇ ಪದದಲ್ಲಿ ಒರೆಸಿಹಾಕಿದರೆ ಆ ಇಡೀ ಕಥೆ ಅರ್ಥವಾಗುವುದಿಲ್ಲ.

ಪದದ ಮೂಲದಲ್ಲೇ ಉತ್ತರ ಇದೆ. ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ರಾಯಲ್ಟಿಗೆ ಮೊದಲ ಅರ್ಥ ರಾಜತನ, ರಾಜನ ಪದವಿ. ಆಮೇಲೆ ರಾಜನಿಗೆ ಮಾತ್ರ ಸೇರಿದ ಹಕ್ಕುಗಳಿಗೂ ಅದೇ ಹೆಸರಾಯಿತು. ಇಂಗ್ಲೆಂಡಿನಲ್ಲಿ ಚಿನ್ನ, ಬೆಳ್ಳಿ ಯಾರ ಹೊಲದಲ್ಲಿ ಸಿಕ್ಕರೂ ಅದು ರಾಜನದು. ರಾಜ ತಾನೇ ಹೋಗಿ ಅಗೆಯುವುದಿಲ್ಲ, ಅಲ್ವಾ? ಅಗೆಯುವವನಿಗೆ ಅಪ್ಪಣೆ ಕೊಡುತ್ತಾನೆ, ತೆಗೆದದ್ದರಲ್ಲಿ ಪಾಲು ಪಡೆಯುತ್ತಾನೆ. ಮುಂದೆ ಕಲ್ಲಿದ್ದಲು ಸಿಗುವ ಜಮೀನಿನ ಒಡೆಯರೂ ತಮಗೆ ಟನ್ನಿಗೆ ಇಷ್ಟು ಎಂದು ಬರುವ ಹಣವನ್ನು ರಾಯಲ್ಟಿ ಎಂದು ಕರೆದರು. ಅಲ್ಲಿಂದ ಪದ ಯಂತ್ರಗಳ ಪೇಟೆಂಟಿಗೆ ದಾಟಿತು. ಪುಸ್ತಕ, ನಾಟಕಗಳಿಗೆ ಬಂದದ್ದು ಕೊನೆಗೆ, ಹತ್ತೊಂಬತ್ತನೇ ಶತಮಾನದಲ್ಲಿ.

ನಮ್ಮ ಗಣಿ ಇಲಾಖೆ ಇದಕ್ಕೆ ‘ರಾಜಧನ’ ಎನ್ನುತ್ತದೆ. ಜಲ್ಲಿ, ಮರಳು, ಅದಿರು ತೆಗೆಯುವವರು ಕಟ್ಟುವ ಹಣ. ಒಳ್ಳೆಯ ಪದ ಅದು. ಲೇಖಕರ ವಿಷಯ ಬಂದಾಗ ಮಾತ್ರ ನಾವು ಗೌರವಧನ, ಸಂಭಾವನೆ, ರಾಯಲ್ಟಿ ಮೂರನ್ನೂ ಒಂದೇ ಚೀಲಕ್ಕೆ ತುಂಬುತ್ತೇವೆ. ರಾಜಧನದ ಸ್ವಭಾವ ನೋಡಿ. ನೆಲದ ಒಡೆತನ ಒಡೆಯನ ಹತ್ತಿರವೇ ಉಳಿಯುತ್ತದೆ. ಎಷ್ಟು ತೆಗೆದರೋ ಅಷ್ಟಕ್ಕೆ ಹಣ. ಗುತ್ತಿಗೆದಾರನಿಗೆ ಲಾಭವಾಯಿತೋ ನಷ್ಟವಾಯಿತೋ ಯಾರೂ ಕೇಳುವುದಿಲ್ಲ. ನಾಟಕದ ರಾಯಲ್ಟಿಯೂ ಹೀಗೆಯೇ. ನಾಟಕ ಲೇಖಕನದಾಗಿಯೇ ಉಳಿಯಬೇಕು, ಆಡಿದಷ್ಟಕ್ಕೂ ಪಾಲು ಬರಬೇಕು, ಆ ಪಾಲನ್ನು ಗಲ್ಲಾಪೆಟ್ಟಿಗೆಯ ಒಟ್ಟು ವಸೂಲಿಯ ಮೇಲೆ ಲೆಕ್ಕ ಹಾಕಬೇಕು. ಇದರಲ್ಲಿ ಒಂದು ತಪ್ಪಿದರೂ ಅದಕ್ಕೆ ಬೇರೆ ಹೆಸರು ಹುಡುಕಿ.

ಮ್ಯಾನೇಜರ್ ಎಂಬ ಪದದ ಬಗ್ಗೆಯೂ ಒಂದು ಮಾತು. ಅವನು ಸಂಬಳದ ಮ್ಯಾನೇಜರ್ ಅಲ್ಲ. ಥಿಯೇಟರನ್ನು ಗುತ್ತಿಗೆಗೆ ಹಿಡಿದವನು, ಎಷ್ಟೋ ಸಲ ಮುಖ್ಯ ಪಾತ್ರ ಮಾಡುವವನೂ ಅವನೇ. ಯಾವ ನಾಟಕ ಬೇಕು, ಯಾವುದು ಬೇಡ, ಎಲ್ಲಿ ಕತ್ತರಿಸಬೇಕು ಎಲ್ಲವೂ ಅವನ ಮಾತು. ೧೮೪೩ರ ಥಿಯೇಟರ್ ಕಾಯ್ದೆಯ ಪ್ರಕಾರ ಹೊಸ ನಾಟಕದ ಪ್ರತಿಯನ್ನು ಪ್ರದರ್ಶನಕ್ಕೆ ಏಳು ದಿನ ಮೊದಲು, ನಾಟಕಗಳಿಗೆ ಪರವಾನಗಿ ಕೊಡುವ ಅರಮನೆಯ ಅಧಿಕಾರಿ ಲಾರ್ಡ್ ಚೇಂಬರ್ಲೇನ್ ಕಚೇರಿಗೆ ಕೊಡಬೇಕಿತ್ತು. ಅದನ್ನು ಕೊಡುತ್ತಿದ್ದವನೂ ಮ್ಯಾನೇಜರೇ, ಲೇಖಕನಲ್ಲ.

ಇಂಥವನಿಗೆ ಹಸ್ತಪ್ರತಿ ಮಾರುವುದೆಂದರೆ ಇಡಿಗಂಟು ಹಣ ತೆಗೆದುಕೊಂಡು ಕೈಮುಗಿಯುವುದು. ಡಗ್ಲಸ್ ಜೆರಾಲ್ಡ್‌ನ ‘ಬ್ಲ್ಯಾಕ್-ಐಡ್ ಸೂಸನ್’ ೧೮೨೯ರಲ್ಲಿ ಸರ್ರೆ ಥಿಯೇಟರಿನಲ್ಲಿ ಬಂದು ನೂರಾರು ರಾತ್ರಿ ಓಡಿತು. ಮ್ಯಾನೇಜರ್ ಎಲಿಸ್ಟನ್ ದುಡ್ಡು ಮಾಡಿದ, ನಾವಿಕನ ಪಾತ್ರ ಮಾಡಿದ ಟಿ.ಪಿ. ಕುಕ್ ದುಡ್ಡು ಮಾಡಿದ. ಬರೆದವನಿಗೆ ಎಲ್ಲ ಸೇರಿ ಸಿಕ್ಕಿದ್ದು ೭೦ ಪೌಂಡಿನ ಆಸುಪಾಸು.

ಆಗ ಕಾನೂನೂ ಲೇಖಕನ ಜೊತೆಗಿರಲಿಲ್ಲ. ಅಚ್ಚಾದ ನಾಟಕವನ್ನು ಯಾರು ಬೇಕಾದರೂ ಆಡಬಹುದಿತ್ತು. ೧೮೩೩ರ ಕಾಯ್ದೆ ಬಂದ ಮೇಲೆ ಆಡಿಸುವ ಹಕ್ಕು ಲೇಖಕನದಾಯಿತು. ಕೇಳದೆ ಆಡಿದರೆ ಪ್ರತಿ ಪ್ರದರ್ಶನಕ್ಕೆ ಕನಿಷ್ಠ ೪೦ ಶಿಲಿಂಗ್, ಅಂದರೆ ಎರಡು ಪೌಂಡ್ ದಂಡ. ಅದೇ ವರ್ಷ ಹುಟ್ಟಿದ ನಾಟಕಕಾರರ ಸಂಘ ಡ್ರಮ್ಯಾಟಿಕ್ ಆಥರ್ಸ್ ಸೊಸೈಟಿ ಊರೂರಿನ ಥಿಯೇಟರುಗಳಿಂದ ಫೀ ವಸೂಲಿ ಮಾಡತೊಡಗಿತು. ಒಡೆತನ ಬಂತು. ಆದರೆ ಲಂಡನ್ನಿನ ವ್ಯವಹಾರ ಮಾತ್ರ ಇಡಿಗಂಟಿನಲ್ಲೇ ನಿಂತಿತು.

ಯಾಕೆ ಅಂತ ನಾಟಕಕಾರ ಡಯಾನ್ ಬೂಸಿಕೋ ಹೇಳಿದ್ದಾನೆ. ೧೮೪೧ರಲ್ಲಿ ‘ಲಂಡನ್ ಅಶೂರೆನ್ಸ್’ಗೆ ಅವನಿಗೆ ೩೦೦ ಪೌಂಡ್ ಸಿಕ್ಕಿತ್ತು. ಮೂರು ವರ್ಷದ ನಂತರ ಹೊಸ ನಾಟಕ ತೆಗೆದುಕೊಂಡು ಒಬ್ಬ ಮ್ಯಾನೇಜರ್ ಹತ್ತಿರ ಹೋದರೆ ಅವನು ೧೦೦ ಎಂದ. ಇಷ್ಟು ಕಡಿಮೆಯೇ ಎಂದು ಕೇಳಿದ್ದಕ್ಕೆ ಬಂದ ಉತ್ತರ ಇದು: ನಾನು ಪ್ಯಾರಿಸ್ಸಿಗೆ ಹೋಗಿ, ಅಲ್ಲಿ ಗೆದ್ದ ನಾಟಕವನ್ನು ಕಣ್ಣಾರೆ ನೋಡಿ ಆರಿಸಬಹುದು. ಅನುವಾದಕ್ಕೆ ೨೫ ಪೌಂಡ್ ಸಾಕು. ಗೆಲ್ಲುತ್ತದೋ ಇಲ್ಲವೋ ಗೊತ್ತಿಲ್ಲದ ನಿನ್ನ ನಾಟಕಕ್ಕೆ ೩೦೦ ಯಾಕೆ ಕೊಡಲಿ? ಬೂಸಿಕೋ ಹತ್ತಿರ ಇದಕ್ಕೆ ಮರುಮಾತಿರಲಿಲ್ಲ. ಆರು ತಿಂಗಳು ಕೂತು ಬರೆದದ್ದನ್ನು ೧೦೦ಕ್ಕೆ ಕೊಟ್ಟ, ಜೊತೆಗೆ ಮೂರು ಫ್ರೆಂಚ್ ನಾಟಕಗಳನ್ನು ತಲಾ ೫೦ಕ್ಕೆ ಇಂಗ್ಲಿಷಿಗೆ ತರಲು ಒಪ್ಪಿಕೊಂಡ. ಆ ಕೆಲಸ ಹದಿನೈದು ದಿನದಲ್ಲಿ ಮುಗಿಯಿತಂತೆ. ಆ ಕಾಲದ ಲಂಡನ್ ರಂಗದ ಮೇಲೆ ಫ್ರೆಂಚ್ ನಾಟಕಗಳು ಯಾಕೆ ಅಷ್ಟು ತುಂಬಿಕೊಂಡಿದ್ದವು ಎನ್ನುವುದಕ್ಕೆ ಈ ಲೆಕ್ಕಕ್ಕಿಂತ ಬೇರೆ ಕಾರಣ ಜಾಸ್ತಿ ಬೇಕಿಲ್ಲ.

ರಾತ್ರಿ ಲೆಕ್ಕದ ಫೀ ಇನ್ನೊಂದು ಬಗೆ. ಟಿ.ಡಬ್ಲ್ಯೂ. ರಾಬರ್ಟ್‌ಸನ್‌ನ ‘ಸೊಸೈಟಿ’ ನಾಟಕವನ್ನು ಹೇಮಾರ್ಕೆಟ್ ಥಿಯೇಟರಿನ ಬಕ್‌ಸ್ಟೋನ್ ಬೇಡವೆಂದು ತಳ್ಳಿದ್ದ. ೧೮೬೫ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಥಿಯೇಟರಿನ ಮೇರಿ ವಿಲ್ಟನ್ ಅದನ್ನು ಕೈಗೆತ್ತಿಕೊಂಡಳು. ಒಂದು ರಾತ್ರಿಗೆ ಒಂದು ಪೌಂಡ್ ಎಂದು ಮಾತಾಯಿತು. ನಾಟಕ ಗೆದ್ದಿತು, ಮುಂದಿನ ನಾಟಕಗಳಿಗೆ ದರವೂ ಏರಿತು. ಇಡಿಗಂಟಿಗಿಂತ ಇದು ಎಷ್ಟೋ ವಾಸಿ, ಓಡಿದಷ್ಟು ದಿನವೂ ಹಣ ಬರುತ್ತದೆ. ಆದರೆ ಹೌಸ್‌ಫುಲ್ ಆದರೂ ಅದೇ ಪೌಂಡ್, ಅರ್ಧ ಖಾಲಿ ಇದ್ದರೂ ಅದೇ ಪೌಂಡ್. ಇದನ್ನು ರಾಯಲ್ಟಿಯ ಹತ್ತಿರದ ನೆಂಟ ಎನ್ನಬಹುದು, ಅಷ್ಟೆ.

ಈಗ ಜಾಸ್ತಿ ಜನ ಎಡವುವ ಜಾಗಕ್ಕೆ ಬರೋಣ: ಲಾಭದಲ್ಲಿ ಪಾಲು. ೧೮೬೦ರಲ್ಲಿ ಬೂಸಿಕೋ ‘ದಿ ಕಾಲೀನ್ ಬಾನ್’ ಹಿಡಿದು ಅಡೆಲ್ಫಿ ಥಿಯೇಟರಿನ ಬೆಂಜಮಿನ್ ವೆಬ್‌ಸ್ಟರ್ ಹತ್ತಿರ ಹೋದಾಗ ಇಡಿಗಂಟು ಬೇಡ, ಪಾಲು ಕೊಡಿ ಎಂದ. ವೆಬ್‌ಸ್ಟರ್ ಒಪ್ಪಿದ, ನಾಟಕ ಇನ್ನೂರಕ್ಕೂ ಹೆಚ್ಚು ರಾತ್ರಿ ಓಡಿತು, ಬೂಸಿಕೋ ಶ್ರೀಮಂತನಾದ. ಇದನ್ನೇ ರಾಯಲ್ಟಿಯ ಹುಟ್ಟು ಎಂದು ಬರೆಯುವ ರೂಢಿ ಇದೆ. ದಾರಿ ತೆರೆದದ್ದು ಅದೇ, ಸಂಶಯವಿಲ್ಲ. ಆದರೆ ಲಾಭದ ಪಾಲುದಾರ ಎಂದರೆ ವ್ಯಾಪಾರದ ಪಾಲುದಾರ. ಖರ್ಚು ಕಳೆದು ಉಳಿದದ್ದರಲ್ಲಿ ಮಾತ್ರ ಅವನಿಗೆ ಹಕ್ಕು. ಹಾಗಾದರೆ ಖರ್ಚು ಯಾವುದು, ಅದನ್ನು ಬರೆಯುವವರು ಯಾರು?

ಈ ಪ್ರಶ್ನೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಸವಾಯ್ ಥಿಯೇಟರಿನ ರತ್ನಗಂಬಳಿ ಸಾಕ್ಷಿ. ಅಲ್ಲಿನ ಸಂಗೀತ ನಾಟಕಗಳಿಗೆ ಗಿಲ್ಬರ್ಟ್ ಮಾತು ಬರೆಯುತ್ತಿದ್ದ, ಸಲಿವನ್ ಸಂಗೀತ ಕೊಡುತ್ತಿದ್ದ, ರಿಚರ್ಡ್ ಡಾಯ್ಲಿ ಕಾರ್ಟ್ ಥಿಯೇಟರ್ ನಡೆಸುತ್ತಿದ್ದ. ಖರ್ಚು ಕಳೆದ ಲಾಭದಲ್ಲಿ ಮೂವರಿಗೂ ಸಮಪಾಲು ಎಂದು ಒಪ್ಪಂದ. ಸವಾಯ್ ಥಿಯೇಟರ್ ಕಾರ್ಟ್‌ನದೇ ಆದರೂ ಅದರ ಬಾಡಿಗೆ ಎಂದು ವರ್ಷಕ್ಕೆ ೪,೦೦೦ ಪೌಂಡ್ ಮೊದಲೇ ಕಳೆಯುತ್ತಿತ್ತು, ರಿಪೇರಿಯೂ ಖರ್ಚಿಗೇ ಸೇರುತ್ತಿತ್ತು. ೧೮೯೦ರ ಏಪ್ರಿಲ್‌ನಲ್ಲಿ ಗಿಲ್ಬರ್ಟ್ ‘ದಿ ಗಾಂಡಲಿಯರ್ಸ್’ ನಾಟಕದ ಲೆಕ್ಕ ನೋಡಿದ. ರಂಗಕ್ಕೆ ತರುವ ಖರ್ಚೇ ೪,೫೦೦ ಪೌಂಡ್. ಅದರಲ್ಲಿ ಪ್ರೇಕ್ಷಕರು ಓಡಾಡುವ ಜಾಗಕ್ಕೆ ಹಾಸಿದ ಹೊಸ ಕಂಬಳಿಯೂ ಇತ್ತು. ಅದಕ್ಕೆ ೫೦೦ ಪೌಂಡ್ ಎಂದು ಗಿಲ್ಬರ್ಟ್ ತಿಳಿದ, ನಿಜವಾಗಿ ೧೪೦. ಕಂಬಳಿ ಹಾಸುವುದು ಹೇಗೆ ರಿಪೇರಿ ಆಗುತ್ತದೆ, ಥಿಯೇಟರ್ ನಿನ್ನದು, ಕಂಬಳಿಯೂ ನಿನ್ನ ಖರ್ಚು ಎಂದು ಅವನ ವಾದ. ಕಾರ್ಟ್ ಒಪ್ಪಲಿಲ್ಲ. ಸಲಿವನ್ ಕಾರ್ಟ್ ಕಡೆ ನಿಂತ. ಮಾತು ಕೋರ್ಟಿಗೆ ಹೋಯಿತು. ೧೪೦ರಲ್ಲಿ ಗಿಲ್ಬರ್ಟ್ ಪಾಲು ೪೭ ಪೌಂಡೂ ಆಗುವುದಿಲ್ಲ. ಜೊತೆಯಾಗಿ ಅವರ ಮುಂದಿನ ನಾಟಕ ಬರುವಾಗ ೧೮೯೩ ಆಗಿತ್ತು.

ಗಿಲ್ಬರ್ಟ್ ಜಿಪುಣ, ಮುಂಗೋಪಿ ಎಂದು ಈ ಕಥೆ ಹೇಳುವವರೇ ಜಾಸ್ತಿ. ನನಗೆ ಅದು ಅನ್ಯಾಯ ಅನಿಸುತ್ತದೆ. ಕರಾರೇ ಹಾಗಿತ್ತು. ಲಾಭದಲ್ಲಿ ಪಾಲು ಇದ್ದವನು ಕಂಬಳಿಯ ಬಿಲ್ ನೋಡಲೇಬೇಕು. ಗಲ್ಲಾದ ಒಟ್ಟು ವಸೂಲಿಯಲ್ಲಿ ಪರ್ಸೆಂಟೇಜ್ ಇದ್ದಿದ್ದರೆ ಕಾರ್ಟ್ ಚಿನ್ನದ ಜರಿಯನ್ನೇ ಹಾಸಿದರೂ ಅವನಿಗೆ ಒಂದು ಪೆನ್ನಿಯೂ ಕಡಿಮೆ ಆಗುತ್ತಿರಲಿಲ್ಲ. ರಾಯಲ್ಟಿ ಎಂದರೆ ಇದು.

ಅಂಥ ಪರ್ಸೆಂಟೇಜ್ ಕರಾರು ಶತಮಾನದ ಕೊನೆಗೆ ದೊಡ್ಡ ನಾಟಕಕಾರರಿಗೆ ಮಾಮೂಲಾಯಿತು. ಸೇಂಟ್ ಜೇಮ್ಸ್ ಥಿಯೇಟರಿನ ಜಾರ್ಜ್ ಅಲೆಕ್ಸಾಂಡರ್ ‘ಲೇಡಿ ವಿಂಡರ್‌ಮಿಯರ್ಸ್ ಫ್ಯಾನ್’ ನಾಟಕಕ್ಕೆ ಆಸ್ಕರ್ ವೈಲ್ಡ್‌ಗೆ ೧,೦೦೦ ಪೌಂಡ್ ಇಡಿಗಂಟು ಕೊಡಲು ಬಂದನಂತೆ. ನಿಮ್ಮಂಥ ಜಾಣರು ಇಷ್ಟು ಕೊಡುತ್ತೀರಿ ಎಂದರೆ ನಾನು ಮಾರಬಾರದು ಎಂದು ವೈಲ್ಡ್ ಪರ್ಸೆಂಟೇಜ್ ಹಿಡಿದ ಎನ್ನುವ ಮಾತಿದೆ. ೧೮೯೨ರಲ್ಲಿ ನಾಟಕ ಬಂತು, ಆ ಸಾವಿರದ ಎಷ್ಟೋ ಪಟ್ಟು ಹಣ ಅವನ ಕೈಗೆ ಬಂತು. ಹಾಗಂತ ಮ್ಯಾನೇಜರ್‌ನ ಕತ್ತರಿ ನಿಲ್ಲಲಿಲ್ಲ. ೧೮೯೫ರಲ್ಲಿ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ನಾಟಕದ ನಾಲ್ಕು ಅಂಕವನ್ನು ಮೂರಕ್ಕೆ ಇಳಿಸಬೇಕೆಂದು ಇದೇ ಅಲೆಕ್ಸಾಂಡರ್ ಹೇಳಿದ, ವೈಲ್ಡ್ ಇಳಿಸಿದ. ರಾಯಲ್ಟಿಯಿಂದ ಬದಲಾದದ್ದು ಹಣದ ಲೆಕ್ಕ. ರಿಹರ್ಸಲ್ಲಿನಲ್ಲಿ ಯಾರ ಮಾತು ನಡೆಯಬೇಕು ಎನ್ನುವುದು ಬೇರೆಯೇ ಜಗಳ.

ಒಡೆತನ ಉಳಿಯುತ್ತದೆ ಎಂದೆನಲ್ಲ, ಅದರ ಬೆಲೆಯೂ ಇದೇ ಇಬ್ಬರ ನಡುವೆ ಕಾಣುತ್ತದೆ. ವೈಲ್ಡ್ ಜೈಲು ಸೇರಿ ದಿವಾಳಿಯಾದಾಗ ಸಾಲ ತೀರಿಸಲು ಅವನ ಆಸ್ತಿ ಮಾರಾಟಕ್ಕೆ ಬಂತು. ಆ ಆಸ್ತಿಯಲ್ಲಿ ನಾಟಕಗಳನ್ನು ಆಡಿಸುವ ಹಕ್ಕೂ ಇತ್ತು. ಈ ಎರಡು ನಾಟಕಗಳ ಹಕ್ಕನ್ನು ಅಲೆಕ್ಸಾಂಡರ್ ಕೊಂಡುಕೊಂಡ. ಕಾನೂನಿನ ಪ್ರಕಾರ ಅಲ್ಲಿಂದ ಮುಂದೆ ವೈಲ್ಡ್‌ಗೆ ಅವನು ಏನೂ ಕೊಡಬೇಕಾಗಿರಲಿಲ್ಲ. ಆದರೂ ವೈಲ್ಡ್ ಬದುಕಿದ್ದಾಗ ಹಣ ಕಳಿಸಿದ, ತಾನು ಸಾಯುವಾಗ ಆ ಹಕ್ಕುಗಳನ್ನು ವೈಲ್ಡ್‌ನ ಮಗನ ಹೆಸರಿಗೆ ಬರೆದಿಟ್ಟ.