ಜಾಲರಿಯ ಕೆಳಗೆ ಸೋಸುವವರಿಲ್ಲ

ಮನೆಯಿಂದ ನೀರು ಹೊರಗೆ ಹೋಗುವ ದಾರಿ ಎರಡು. ಶೌಚಾಲಯ, ಬಚ್ಚಲು, ಅಡುಗೆಮನೆಯ ಸಿಂಕಿನ ನೀರು ಒಳಚರಂಡಿ ಹಿಡಿದು ಶುದ್ಧೀಕರಣ ಘಟಕಕ್ಕೋ ಸೆಪ್ಟಿಕ್ ಟ್ಯಾಂಕಿಗೋ ಸೇರುತ್ತದೆ. ತಾರಸಿ, ಅಂಗಳ, ವಾಹನ ನಿಲ್ಲಿಸುವ ಜಾಗ, ರಸ್ತೆ, ಇವುಗಳ ಮೇಲೆ ಹರಿದದ್ದು ಮಳೆನೀರು ಚರಂಡಿಗೆ ಇಳಿಯುತ್ತದೆ. ಈ ಎರಡನೆಯ ದಾರಿಯ ತುದಿಯಲ್ಲಿರುವುದು ಕೆರೆ, ಹೊಳೆ ಅಥವಾ ಸಮುದ್ರ. ನಡುವೆ ಕಸ ತಡೆಯುವ ಜಾಲರಿ ಇದ್ದರೂ ಇರಬಹುದು. ಸೋಪಿಗೆ, ಎಣ್ಣೆಗೆ, ಕರಗಿದ ಗೊಬ್ಬರಕ್ಕೆ ಜಾಲರಿ ಯಾವ ಲೆಕ್ಕ? ಹಳೆಯ ನಗರಗಳ ಕೆಲವು ಭಾಗಗಳಲ್ಲಿ ಎರಡೂ ನೀರು ಒಂದೇ ಕೊಳವೆಯಲ್ಲಿ ಸಾಗುತ್ತದೆ. ಅಲ್ಲೂ ಜೋರು ಮಳೆಗೆ ಕೊಳವೆ ತುಂಬಿದರೆ, ಹಿಡಿಯಲಾಗದ್ದು ಮಲಜಲ ಸಮೇತ ಹೊಳೆಗೇ ಉಕ್ಕುತ್ತದೆ.

ಕಾರ್ಖಾನೆಯ ಕೊಳಕಾದರೆ ಒಂದು ಕೊಳವೆ, ಒಂದು ಬಾಯಿ, ಹಿಡಿದು ನಿಲ್ಲಿಸಬಹುದು. ಮನೆಗಳದು ಸಾವಿರ ಬಾಯಿ. ಆದ್ದರಿಂದ ಅದನ್ನು ತಡೆಯುವ ಜಾಗ ಮನೆಯ ಅಂಗಳವೇ.

ಮೊದಲ ಕೆಲಸ, ಯಾವ ತೂತು ಎಲ್ಲಿಗೆ ಹೋಗುತ್ತದೆಂದು ತಿಳಿದುಕೊಳ್ಳುವುದು. ಬಹಳಷ್ಟು ಮನೆಗಳಲ್ಲಿ ತಪ್ಪು ನಡೆಯುವುದು ಬಾಲ್ಕನಿಯಲ್ಲಿ. ಕಟ್ಟುವಾಗ ಬಾಲ್ಕನಿಯ ನೀರು ಹೋಗುವ ತೂತನ್ನು ಮಳೆನೀರಿನ ಪೈಪಿಗೆ ಜೋಡಿಸಿರುತ್ತಾರೆ, ಅದು ಸರಿಯೇ. ಆಮೇಲೆ ಬಟ್ಟೆ ಒಗೆಯುವ ಯಂತ್ರಕ್ಕೆ ಒಳಗೆ ಜಾಗ ಸಾಲದೆ ಬಾಲ್ಕನಿಗೆ ಬರುತ್ತದೆ, ಅದರ ಪೈಪು ಅದೇ ತೂತಿಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಪ್ರತಿ ಒಗೆತದ ಐವತ್ತರಿಂದ ನೂರು ಲೀಟರು ಸೋಪಿನ ನೀರು ಯಾರಿಗೂ ಗೊತ್ತಾಗದಂತೆ ನೇರ ಕೆರೆಗೆ.

ಇದನ್ನು ಪತ್ತೆ ಮಾಡಲು ಬೇಕಾದದ್ದು ಇಬ್ಬರು ಜನ, ಒಂದು ಟಾರ್ಚು, ಅಡುಗೆಗೆ ಬಳಸುವ ಗಾಢ ಬಣ್ಣ. ಎರಡು ಮೂರು ದಿನ ಮಳೆಯಿಲ್ಲದ ಹೊತ್ತು ನೋಡಿ, ನಿಮ್ಮ ಕಾಂಪೌಂಡಿನೊಳಗಿನ ಮಳೆನೀರು ಚೇಂಬರಿನ ಮುಚ್ಚಳ ಎತ್ತಿ. ತಳ ಒಣಗಿರಬೇಕು. ಒದ್ದೆಯಾಗಿದ್ದು, ಬೂದು ಬಣ್ಣದ ಲೋಳೆ ಅಂಟಿದ್ದು, ಸೋಪಿನ ವಾಸನೆ ಬಂದರೆ ಉತ್ತರ ಆಗಲೇ ಸಿಕ್ಕಿತು. ಒಣಗಿದ್ದರೂ ಪರೀಕ್ಷಿಸಿ. ಹತ್ತು ಲೀಟರಿನ ಬಕೆಟ್ಟಿಗೆ ಬಣ್ಣ ಕದಡಿ ಒಂದು ತೂತಿಗೆ ಸುರಿಯಿರಿ, ಹಿಂದೆಯೇ ಎರಡು ಬಕೆಟ್ ಬರೀ ನೀರು. ಕೆಳಗಿರುವವರು ಕಾಲು ಗಂಟೆಯಾದರೂ ಕಾಯಬೇಕು. ಇಳಿಜಾರು ಕಡಿಮೆ ಇರುವ ಪೈಪಿನಲ್ಲಿ ನೀರು ತಡವಾಗಿ ಬರುತ್ತದೆ. ಮೊದಲ ಬಣ್ಣ ಪೂರ್ತಿ ತೊಳೆದುಹೋಗುವ ತನಕ ಮುಂದಿನ ತೂತಿಗೆ ಹೋಗಬೇಡಿ, ಇಲ್ಲವಾದರೆ ಯಾವುದು ಯಾವುದರದ್ದೆಂದು ತಲೆಬುಡ ತಿಳಿಯುವುದಿಲ್ಲ. ತಿಳಿ ಹಳದಿ ಬಣ್ಣ ಕತ್ತಲಲ್ಲಿ ಕಾಣದು. ಕೆಂಪು, ಹಸಿರು ವಾಸಿ. ಚೇಂಬರಿನೊಳಗೆ ತಲೆ ಹಾಕಬೇಡಿ. ರಸ್ತೆಯ ಮ್ಯಾನ್‌ಹೋಲಿನ ತಂಟೆಗಂತೂ ಹೋಗಲೇಬೇಡಿ, ಒಳಗಿನ ಹೈಡ್ರೋಜನ್ ಸಲ್ಫೈಡ್ ಅನಿಲ ಕೂಗುವಷ್ಟು ಸಮಯವನ್ನೂ ಕೊಡುವುದಿಲ್ಲ.

ದುರಸ್ತಿ ದೊಡ್ಡದಲ್ಲ: ಯಂತ್ರದ ಪೈಪನ್ನು ಬಚ್ಚಲಿನ ನೀರು ಹೋಗುವ ಕೊಳವೆಗೆ, ಟ್ರ್ಯಾಪ್ ಎಂಬ ಬಾಗಿದ ಪೈಪಿನ ಮೂಲಕ ಸೇರಿಸುವುದು. ಟ್ರ್ಯಾಪಿನಲ್ಲಿ ಸುಮಾರು 50 ಮಿಲಿಮೀಟರು ನೀರು ಸದಾ ನಿಂತಿರಬೇಕು, ಅದೇ ದುರ್ವಾಸನೆಗೆ ಬೀಗ. ಇದರ ತಿರುವುಮುರುವು ತಪ್ಪೂ ಉಂಟು, ತಾರಸಿಯ ಮಳೆಪೈಪನ್ನು ಒಳಚರಂಡಿಗೆ ಕೊಡುವುದು. 100 ಚದರ ಮೀಟರು ತಾರಸಿಯ ಮೇಲೆ ಗಂಟೆಗೆ 20 ಮಿಲಿಮೀಟರು ಮಳೆ ಬಿದ್ದರೆ 2000 ಲೀಟರು. ಹತ್ತು ಮಂದಿ ಇಡೀ ದಿನ ಬಿಡುವ ಕೊಳಚೆನೀರಿಗಿಂತ ಅದು ಹೆಚ್ಚು. ಬೀದಿಯ ನಾಲ್ಕಾರು ಮನೆಯವರು ಹೀಗೆ ಮಾಡಿದರೆ ಮಳೆ ಬಂದಾಗಲೆಲ್ಲ ಕೆಳಗಿನ ಮ್ಯಾನ್‌ಹೋಲ್ ಉಕ್ಕುತ್ತದೆ, ಉಕ್ಕಿದ್ದು ಮತ್ತೆ ಮಳೆನೀರು ಚರಂಡಿಗೇ.

ಇನ್ನು ಅಂಗಳ. ಒಣ ದಿನಗಳಲ್ಲಿ ಧೂಳು, ಎಣ್ಣೆಹನಿ, ಎಲೆಪುಡಿ, ಬ್ರೇಕಿನ ಪುಡಿ ನೆಲದ ಮೇಲೆ ಕೂಡಿಕೊಳ್ಳುತ್ತವೆ. ಮಳೆ ಶುರುವಾದ ಮೊದಲ ಕೆಲವು ಮಿಲಿಮೀಟರಿನಲ್ಲೇ ಇದರ ದೊಡ್ಡ ಪಾಲು ಕೊಚ್ಚಿಹೋಗುತ್ತದೆ. ಮಳೆನೀರು ಸಂಗ್ರಹದಲ್ಲಿ ಮೊದಲ ನೀರನ್ನು ಹೊರಗೆ ಬಿಡುವುದು ಇದಕ್ಕೇ. ನಾವು ಹೊರಗೆ ಬಿಟ್ಟ ಆ ನೀರು ಕೆರೆಯ ಪಾಲಿಗೆ ಒಳಗೆ ಬರುವ ನೀರು, ಇದನ್ನು ಯೋಚಿಸುವವರು ಕಡಿಮೆ. ಪೈಪು ಹಿಡಿದು ಅಂಗಳ ತೊಳೆಯುವುದೆಂದರೆ ಆ ಮೊದಲ ಮಳೆಯನ್ನು ನಾವೇ ಕೃತಕವಾಗಿ ತರಿಸಿದ ಹಾಗೆ, ಅದೂ ಹೊಳೆಯಲ್ಲಿ ನೀರು ಕಡಿಮೆಯಿದ್ದು ಕೊಳೆ ತೆಳುವಾಗಲು ಅವಕಾಶವಿಲ್ಲದ ದಿನದಲ್ಲಿ. ಪೊರಕೆಯಲ್ಲಿ ಗುಡಿಸಿ, ಮೊರಕ್ಕೆ ಎತ್ತಿ, ಕಸದ ಬುಟ್ಟಿಗೆ ಹಾಕಿ. ಗುಡಿಸಿ ಚರಂಡಿಗೆ ನೂಕುವುದು ತೊಳೆಯುವುದಕ್ಕಿಂತ ಏನೂ ವಾಸಿಯಲ್ಲ.

ಕಾರು ತೊಳೆಯುವ ವಿಷಯಕ್ಕೆ ಬಂದರೆ ಎಲ್ಲರೂ ಮೊದಲು ತೋರಿಸುವುದು ಸೋಪಿನ ಡಬ್ಬದ ಮೇಲಿನ ಮಾತನ್ನು: ‘ಜೈವಿಕವಾಗಿ ಕರಗುವಂಥದ್ದು’ (ಬಯೋಡಿಗ್ರೇಡಬಲ್). ಆ ಮಾತು ಸುಳ್ಳಲ್ಲ, ಆದರೆ ಅದರ ಅಳತೆ ಬೇರೆ. ‘ಸುಲಭವಾಗಿ ಕರಗುತ್ತದೆ’ ಎನ್ನಿಸಿಕೊಳ್ಳಲು ಅಂತರರಾಷ್ಟ್ರೀಯವಾಗಿ ಬಳಸುವ ಪರೀಕ್ಷೆಗಳು ಕೊಡುವ ಗಡುವು 28 ದಿನ, ಅಷ್ಟರೊಳಗೆ ಶೇ. 60ರಿಂದ 70ರಷ್ಟು ಒಡೆದರೆ ಸಾಕು. ನಿಮ್ಮ ಅಂಗಳದಿಂದ ಕೆರೆಗೆ ನೊರೆ ಮುಟ್ಟಲು ಅರ್ಧ ಗಂಟೆ ಸಾಕಾಗಬಹುದು. ನೀರಿನ ಮೇಲ್ಮೈ ಎಳೆತವನ್ನು ಕುಗ್ಗಿಸುವ ಅದೇ ಗುಣದಿಂದ ಸೋಪು ಮೀನಿನ ಕಿವಿರಿನ ಲೋಳೆಪದರವನ್ನೂ ಕೆಡಿಸುತ್ತದೆ. ಜೊತೆಗೆ, ಒಡೆಯುವ ಕೆಲಸ ಮಾಡುವ ಸೂಕ್ಷ್ಮಜೀವಿಗಳು ಬಳಸುವುದು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು. 25 ಡಿಗ್ರಿ ಸೆಲ್ಸಿಯಸಿನಲ್ಲಿ ಒಂದು ಲೀಟರು ನೀರು ಹಿಡಿದಿಡುವುದು ಬರೀ ಎಂಟು ಮಿಲಿಗ್ರಾಮು ಚಿಲ್ಲರೆ. ಆ ಲೆಕ್ಕದಲ್ಲಿ, ಹುಳಿದ ಹಾಲನ್ನು ಒಂದು ಲೀಟರು ಚರಂಡಿಗೆ ಚೆಲ್ಲಿದರೆ ಅದು ಕೊಳೆಯಲು ಬೇಕಾಗುವ ಸುಮಾರು 100 ಗ್ರಾಮು ಆಮ್ಲಜನಕ ಹನ್ನೆರಡು ಸಾವಿರ ಲೀಟರು ಕೆರೆನೀರಿನ ಉಸಿರನ್ನೇ ಕಸಿದ ಹಾಗೆ.

ಕಾರನ್ನು ಮಣ್ಣಿನ ಮೇಲೆ, ಹುಲ್ಲಿನ ಮೇಲೆ ತೊಳೆಯಿರಿ. ಎರಡು ಬಕೆಟ್ ಸಾಕು, ಒಂದರಲ್ಲಿ ಸೋಪು, ಇನ್ನೊಂದರಲ್ಲಿ ಬಟ್ಟೆ ಅದ್ದಿ ಹಿಂಡಲು ಬರೀ ನೀರು. ಉಳಿದ ಕೊಳೆನೀರು ಶೌಚಾಲಯಕ್ಕೆ. ಚಕ್ರದ ಬ್ರೇಕಿನ ಪುಡಿಯಲ್ಲಿ ತಾಮ್ರ ಇರಬಹುದಾದ್ದರಿಂದ ಅದನ್ನು ಮೊದಲು ಒಣಬಟ್ಟೆಯಲ್ಲಿ ಒರೆಸಿ. ಸೋಪಿಲ್ಲದೆ ತೊಳೆದರೆ ತೊಂದರೆಯಿಲ್ಲ ಎಂಬ ನಂಬಿಕೆ ಈ ತಾಮ್ರದ ಮುಂದೆ ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯಾ 2010ರಲ್ಲಿ ಕಾನೂನು ಮಾಡಿ ಬ್ರೇಕ್ ಪ್ಯಾಡಿನ ತಾಮ್ರವನ್ನು 2025ಕ್ಕೆ ಶೇ. 0.5ಕ್ಕೆ ಇಳಿಸಲು ಹೇಳಿದ್ದೇ ಮಳೆನೀರಿನ ಕಾರಣಕ್ಕೆ. ಎಂಜಿನ್ ತೊಳೆಯುವ ದ್ರಾವಣವನ್ನು ಮಾತ್ರ ಮಣ್ಣಿಗೂ ಬಿಡಬೇಡಿ. ಅದು ಗ್ಯಾರೇಜಿನ ಕೆಲಸ.

ನೆಲದ ಮೇಲೆ ಎಣ್ಣೆ ತೊಟ್ಟಿಕ್ಕಿದ್ದರೆ ಕೈ ಸೀದಾ ಪೈಪಿಗೋ ಸೋಪಿನ ಪುಡಿಗೋ ಹೋಗುತ್ತದೆ. ಇವೆರಡೂ ಬೇಡ. ಸೋಪು ಹಾಕಿದರೆ ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ನೀರಿನೊಳಗೆ ಬೆರೆಯುತ್ತದೆ. ಕಣ್ಣಿಗೆ ನೆಲ ಶುಚಿ, ಎಣ್ಣೆ ಮಾತ್ರ ಇನ್ನಷ್ಟು ದೂರ ಸಾಗುತ್ತದೆ. ಕಾಮನಬಿಲ್ಲಿನ ಬಣ್ಣ ಕಾಣಿಸುವ ಎಣ್ಣೆಪದರ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆಸುಪಾಸಿನದು. ಆ ದಪ್ಪಕ್ಕೆ ಹರಡಿದರೆ ಒಂದು ಲೀಟರು ಎಂಜಿನ್ ಆಯಿಲ್ 1000 ಚದರ ಮೀಟರು ನೀರನ್ನು ಮುಚ್ಚುತ್ತದೆ. ಮರದ ಹೊಟ್ಟನ್ನೋ ಒಣ ಮರಳನ್ನೋ ಕಲೆಯ ಸುತ್ತ ಅಂಚಿನಿಂದ ಶುರುಮಾಡಿ ಒಳಕ್ಕೆ ಹರಡಿ, ಹಳೆಯ ಚಪ್ಪಲಿಯಲ್ಲಿ ಚೆನ್ನಾಗಿ ಉಜ್ಜಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಹೊಟ್ಟು ಕಪ್ಪಾಗಿ ಉಂಡೆಗಟ್ಟಿರುತ್ತದೆ. ಗುಡಿಸಿ ಚೀಲಕ್ಕೆ ತುಂಬಿ, ಇನ್ನೊಂದು ಸಲ ಹರಡಿ. ಆ ಚೀಲ ಅಪಾಯಕಾರಿ ಕಸದ ಪಾಲಿಗೆ. ಗೊಬ್ಬರದ ಗುಂಡಿಗೆ ಅಲ್ಲ. ಆಮೇಲೆ ಸೋರಿಕೆ ಎಲ್ಲಿಂದ ಎಂದು ಹುಡುಕಲು, ರಾತ್ರಿ ವಾಹನದ ಕೆಳಗೆ ರಟ್ಟು ಹಾಸಿಟ್ಟರೆ ಬೆಳಗ್ಗೆ ಗುರುತು ಸಿಗುತ್ತದೆ.

ಎಲೆ ಕಸವಲ್ಲ ಎನ್ನುವ ಮಾತು ಮಣ್ಣಿನ ಮೇಲೆ ನಿಜ, ಡಾಂಬರಿನ ಮೇಲೆ ಅಲ್ಲ. ರಸ್ತೆಯಂಚಿನಲ್ಲಿ ನೆನೆದ ಎಲೆಯಿಂದ ಚಹಾಸೊಪ್ಪಿನಿಂದ ಬಣ್ಣ ಇಳಿದ ಹಾಗೆ ರಂಜಕ (ಫಾಸ್ಫರಸ್) ಇಳಿಯುತ್ತದೆ. ಅಮೆರಿಕದ ಭೂವಿಜ್ಞಾನ ಸಮೀಕ್ಷೆ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಲೆ ಉದುರುವ ಕಾಲದಲ್ಲಿ ಮಳೆಗೆ ಮುನ್ನ ಬೀದಿಯ ಎಲೆ ಎತ್ತಿದ್ದರಿಂದ ಚರಂಡಿಗೆ ಹೋಗುವ ಒಟ್ಟು ರಂಜಕ ಶೇ. 84ರಷ್ಟು ಕಡಿಮೆಯಾಯಿತು. ರಂಜಕವನ್ನೇ ಯಾಕೆ ಹಿಡಿದು ಮಾತಾಡಬೇಕೆಂದರೆ, ಸಿಹಿನೀರಿನಲ್ಲಿ ಪಾಚಿಗೆ ಸಾಮಾನ್ಯವಾಗಿ ಸಾಲದೆ ಹೋಗುವುದು ಅದೇ. 1973ರಲ್ಲಿ ಕೆನಡಾದ ಒಂಟಾರಿಯೋದಲ್ಲಿ ಡೇವಿಡ್ ಶಿಂಡ್ಲರ್ ತಂಡ 226 ಎಂಬ ಸಂಖ್ಯೆಯ ಕೆರೆಯನ್ನು ಪರದೆಯಿಂದ ಎರಡಾಗಿಸಿ, ಎರಡೂ ಭಾಗಕ್ಕೆ ಇಂಗಾಲ ಮತ್ತು ಸಾರಜನಕ ಹಾಕಿ, ಒಂದಕ್ಕೆ ಮಾತ್ರ ರಂಜಕ ಸೇರಿಸಿತು. ಹಸಿರಾದದ್ದು ಆ ಒಂದೇ. ಒಂದು ಗ್ರಾಮು ರಂಜಕದಿಂದ ಒಣತೂಕದಲ್ಲಿ ನೂರು ಗ್ರಾಮಿನಷ್ಟು ಪಾಚಿ ಬೆಳೆಯಬಲ್ಲದು. ಗಿಡಕ್ಕೆ ಹಾಕುವ ಗೊಬ್ಬರದ ಕಾಳು ನೆಲಹಾಸಿನ ಮೇಲೆ ಬಿದ್ದರೆ ಗುಡಿಸಿ ಮತ್ತೆ ಬುಡಕ್ಕೆ ಹಾಕಿ. ಜೋರು ಮಳೆಯ ಮುನ್ಸೂಚನೆ ಇದ್ದ ದಿನ ಗೊಬ್ಬರದ ಚೀಲ ಬಿಚ್ಚಲೇಬೇಡಿ.

ನಾಯಿಯ ಹೇಲಿನ ಬಗ್ಗೆ ಉದ್ದ ಮಾತು ಬೇಡ. ಕಾಗದದಲ್ಲೋ ಚೀಲದಲ್ಲೋ ಎತ್ತಿ ಕಸಕ್ಕೆ ಹಾಕಿ, ತರಕಾರಿ ಬೆಳೆಯುವ ಗೊಬ್ಬರದ ಗುಂಡಿಗೆ ಹಾಕಬೇಡಿ.

ನೀರಿನ ಟ್ಯಾಂಕು ತೊಳೆಯುವುದನ್ನು ಯಾರೂ ಮಾಲಿನ್ಯದ ಪಟ್ಟಿಗೆ ಸೇರಿಸುವುದಿಲ್ಲ. ಸೋಂಕು ಕಳೆಯಲು ಲೀಟರಿಗೆ 50 ಮಿಲಿಗ್ರಾಮು ಕ್ಲೋರಿನ್ ಆಗುವಂತೆ ಬ್ಲೀಚಿಂಗ್ ಪೌಡರ್ ಕದಡಿದ 1000 ಲೀಟರು ನೀರನ್ನು ಮಳೆಪೈಪಿಗೆ ಬಿಟ್ಟರೆ? ಸಿಹಿನೀರಿನ ಜೀವಿಗಳಿಗೆ ಅಲ್ಪಾವಧಿಯಲ್ಲೂ ಹಾನಿ ತಡೆಯಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಟ್ಟ ಮಿತಿ ಲೀಟರಿಗೆ 0.019 ಮಿಲಿಗ್ರಾಮು. ಬರೀ ಬೆರೆಸಿಯೇ ಆ ಮಟ್ಟಕ್ಕೆ ಇಳಿಸಬೇಕಾದರೆ 26 ಲಕ್ಷ ಲೀಟರು ನೀರು ಬೇಕು. ದಾರಿಯ ಕೊಳೆ ಒಂದಿಷ್ಟು ಕ್ಲೋರಿನ್ ತಿಂದುಹಾಕುತ್ತದೆ ನಿಜ, ಅದನ್ನು ನಂಬಿ ಕೂರುವಂತಿಲ್ಲ. ಆ ನೀರನ್ನು ಬಚ್ಚಲಿನ ಮೂಲಕ ನಿಧಾನಕ್ಕೆ ಒಳಚರಂಡಿಗೆ ಬಿಡಿ. ಸೆಪ್ಟಿಕ್ ಟ್ಯಾಂಕಿನ ಮನೆಯಾದರೆ ಅದೂ ಬೇಡ, ಅಲ್ಲಿನ ಸೂಕ್ಷ್ಮಜೀವಿಗಳೂ ಸಾಯುತ್ತವೆ. ಮುಚ್ಚಳ ತೆರೆದು ಬಿಸಿಲಿಗೆ ಬಿಟ್ಟು, ಕ್ಲೋರಿನ್ ಪರೀಕ್ಷೆಯ ಪಟ್ಟಿ ಸೊನ್ನೆ ತೋರಿಸಿದ ಮೇಲೆ ಗಿಡಗಳಿರುವ ಮಣ್ಣಿಗೆ ಬಿಡಿ.

ಸಿಮೆಂಟು ಕಲಸಿದ ಬಾಣಲಿ, ಗುದ್ದಲಿ ತೊಳೆದ ನೀರಿನ ಪಿಎಚ್ 12ರ ಮೇಲಿರುತ್ತದೆ. ಮೀನು ತಾಳುವುದು ಹೆಚ್ಚೆಂದರೆ 9ರ ತನಕ. ಪಿಎಚ್ ಅಳತೆಯಲ್ಲಿ ಒಂದೊಂದು ಅಂಕವೂ ಹತ್ತು ಪಟ್ಟು, ಆದ್ದರಿಂದ ಆ ಮೂರರ ಅಂತರ ಎಂದರೆ ಸಾವಿರ ಪಟ್ಟು ಕ್ಷಾರ. ಮಣ್ಣಿನಲ್ಲಿ ಸಣ್ಣ ಗುಂಡಿ ತೋಡಿ, ಪ್ಲಾಸ್ಟಿಕ್ ಹಾಳೆ ಹಾಸಿ ಅದರಲ್ಲಿ ತೊಳೆಯಿರಿ. ನೀರು ಆರಿ ಸಿಮೆಂಟು ಗಟ್ಟಿಯಾದ ಮೇಲೆ ಹಾಳೆ ಸಮೇತ ಕಟ್ಟಡದ ಅವಶೇಷಕ್ಕೆ ಸೇರಿಸಿ. ನೀರು ಬೆರೆಸುವ ಪೇಂಟಿನ ಬ್ರಷ್ಷನ್ನು ಕಾಗದಕ್ಕೆ ಒರೆಸಿ, ಸಿಂಕಿನಲ್ಲಿ ತೊಳೆಯಿರಿ. ಆಯಿಲ್ ಪೇಂಟಿನದನ್ನು ಗಾಜಿನ ಬಾಟಲಿಯಲ್ಲಿ ಥಿನ್ನರ್ ಹಾಕಿ ಅದ್ದಿಡಿ. ಬಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಥಿನ್ನರ್ ಮತ್ತೆ ಬಳಕೆಗೆ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಮನೆಯವರ ಕೈಗೆ ಸಿಗದ್ದೊಂದಿದೆ, ಟೈರಿನ ಪುಡಿ. ಟೈರು ಬಿರಿಯದಂತೆ ಸೇರಿಸುವ 6ಪಿಪಿಡಿ ಎಂಬ ರಾಸಾಯನಿಕ ಓಝೋನಿನೊಡನೆ ಸೇರಿ 6ಪಿಪಿಡಿ-ಕ್ವಿನೋನ್ ಆಗುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೋ ಸಾಲ್ಮನ್ ಮೀನು ಸಾಯುತ್ತಿದ್ದದ್ದು ಇದರಿಂದ ಎಂದು 2020ರಲ್ಲಿ ಗೊತ್ತಾಯಿತು. ಅದಕ್ಕೂ ಮೊದಲೇ ಅಲ್ಲಿ ನಡೆದ ಪ್ರಯೋಗಗಳಲ್ಲಿ, ಅಂಥ ರಸ್ತೆನೀರನ್ನೇ ಮರಳು ಮತ್ತು ಕಾಂಪೋಸ್ಟಿನ ಪದರದ ಮೂಲಕ ಇಳಿಸಿ ಬಿಟ್ಟಾಗ ಮೀನು ಬದುಕಿತ್ತು.

ಹಾಗಾಗಿ ತಾರಸಿಯ ಪೈಪು, ಅಂಗಳದ ಇಳಿಜಾರು ಚರಂಡಿಗಿಂತ ಮೊದಲು ಮಣ್ಣನ್ನು ಮುಟ್ಟುವಂತೆ ಮಾಡುವುದು ಒಳ್ಳೆಯದು. ಗೋಡೆಯಿಂದ ಕನಿಷ್ಠ ಮೂರು ಮೀಟರು ದೂರದಲ್ಲಿ, 15 ಸೆಂಟಿಮೀಟರು ಆಳದ ತಗ್ಗು, ನೀರು ಬರುವ ಮೇಲ್ಮೈಯ ಶೇ. 10ರಿಂದ 20ರಷ್ಟು ವಿಸ್ತಾರ. ಅಗೆಯುವ ಮುನ್ನ ಒಂದು ಅಡಿ ಆಳದ ಗುಂಡಿ ತೋಡಿ, ನೀರು ತುಂಬಿ ಇಂಗಲು ಬಿಟ್ಟು, ಎರಡನೆಯ ಸಲ ತುಂಬಿ ಅಳತೆಪಟ್ಟಿ ನಿಲ್ಲಿಸಿ. ಗಂಟೆಗೆ ಒಂದೂಕಾಲು ಸೆಂಟಿಮೀಟರೂ ಇಳಿಯದಿದ್ದರೆ ಆ ಜಾಗ ಬಿಡಿ. ನೀರು ಎರಡು ದಿನದೊಳಗೆ ಇಂಗಲೇಬೇಕು. ವಾರ ನಿಂತರೆ ಸೊಳ್ಳೆಯ ಮರಿ ಹಾರುತ್ತದೆ. ತಗ್ಗಿಗೆ ಕಾಂಪೋಸ್ಟನ್ನು ಧಾರಾಳವಾಗಿ ಸುರಿಯಬೇಡಿ, ಅದರ ರಂಜಕವೇ ಸೋರಿ ಹೊರಬರುತ್ತದೆ. ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಕಡೆ, ಕುಡಿಯುವ ಬಾವಿಯ ಪಕ್ಕ ಈ ತಗ್ಗು ಬೇಡ. ವರ್ಷಕ್ಕೊಮ್ಮೆ ಮೇಲೆ ಕಟ್ಟಿದ ಹೂಳಿನ ಪದರ ಕೆರೆದು ತೆಗೆಯಿರಿ, ನೀರು ಒಳಬರುವ ಬಾಯಿಯ ಹತ್ತಿರವೇ ಅದು ಹೆಚ್ಚು ಸೇರುತ್ತದೆ.